ಸಹಾಯ ಬೇಕು: ಬ್ರಿಟನ್‌ನಲ್ಲಿ ಕೆಎ 14 ನಂಬರ್ ಕೊಳ್ಳುವುದು ಹೇಗೆ?

ಬ್ರಿಟನ್‌ನಲ್ಲಿರುವ ಕನ್ನಡ ಬಂಧುಗಳಿಗೆ ನಮಸ್ಕಾರ. ನಾನು ಶಿವಮೊಗ್ಗದವನು. ಅಪ್ಪನ ಸ್ಕೂಟರ್‌ನ ಕಪ್ಪು ಫಲಕದ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ್ದ ಬಿಳಿಯ ಕೆಎ 14 ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 4ರ ಬಾಲದ ಬಣ್ಣ ಉದುರಿಹೋಗಿತ್ತು.

ಇಲ್ಲಿಯೂ ಕೆಎ 14 ಎಂದು ಶುರುವಾಗುವ ನಂಬರ್‌ಗಳಿವೆ. ಇಲ್ಲಿ 14 ಎಂದರೆ 2014ರ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ನೋಂದಣಿ. ವಾಹನವನ್ನು ಇರುವುದಕ್ಕಿಂತ ಹೊಸದೆಂದು ತೋರಿಸುವ ನಂಬರ್ ಹಾಕುವಂತಿಲ್ಲ. ನನ್ನ ಕಾರು 2017ರದು, ಹಾಗಾಗಿ ಆ ತೊಡಕಿಲ್ಲ.

ಕೆಎ 14ರ ನಂತರದ ಅಕ್ಷರಗಳು ಅಪ್ಪನ ಇನಿಷಿಯಲ್‌ಗಳೇ ಆಗಿರುವ ನಂಬರ್ ಒಬ್ಬರ ಬಳಿ ಮಾರಾಟಕ್ಕಿದೆ. ಮಾರುವವರು ತಮ್ಮ ಹೆಸರಿನ ವಿ778 ಪತ್ರದ (ವಾಹನಕ್ಕೆ ಹಾಕದೆ ಉಳಿಸಿಕೊಂಡ ನಂಬರ್‌ನ ಹಕ್ಕುಪತ್ರ) ಫೋಟೊ ಕಳಿಸಿದ್ದಾರೆ, ಆದರೆ ಪೂರ್ತಿ ಹಣ ಮೊದಲೇ ಬೇಕೆನ್ನುತ್ತಾರೆ. ಅವರೇ ಇಲ್ಲಿನ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎ ಜಾಲತಾಣದಲ್ಲಿ ನನ್ನ ಕಾರಿಗೆ ನಂಬರ್ ಜೋಡಿಸಬಹುದು. ಅದಕ್ಕೆ ನನ್ನ ಲಾಗ್ ಬುಕ್‌ನ (ಕಾರಿನ ನೋಂದಣಿ ಪತ್ರ) ಸಂಖ್ಯೆ ಕೊಡಬೇಕು. ಅಪರಿಚಿತರಿಗೆ ಅದನ್ನು ಕೊಡಲು ಅಳುಕು.

ಖಾಸಗಿಯಾಗಿ ಕೊಂಡವರು ಯಾರಾದರೂ ಇದ್ದೀರಾ? ಹಣ ಯಾವ ಹಂತದಲ್ಲಿ ಕೊಟ್ಟಿರಿ? ದಯವಿಟ್ಟು ಬೇಗ ತಿಳಿಸಿ. ಮುಂದಿನ ತಿಂಗಳು ಅಪ್ಪ ಮೊದಲ ಬಾರಿಗೆ ಇಲ್ಲಿಗೆ ಬರುತ್ತಿದ್ದಾರೆ, ಅವರನ್ನು ಕರೆತರಲು ಆ ನಂಬರ್ ಹೊತ್ತ ಕಾರಿನಲ್ಲೇ ಹೋಗಬೇಕೆಂಬ ಆಸೆ.