ಬೋಳಾರ ಮನೆ ಗುಂಪು: ಪುಟ್ಟನ 18 ಫೋಟೋ

ನಮ್ಮ ಮನೆ ಮಂಗಳೂರಿನ ಬೋಳಾರದಲ್ಲಿ. ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇದು. ಪುಟ್ಟ ನನ್ನ ಅಣ್ಣನ ಮಗ. ಉಳಿದವರ ಹೆಸರು ನನ್ನ ಫೋನಿನಲ್ಲಿ ಇದ್ದ ಹಾಗೇ ಹಾಕಿದ್ದೇನೆ.

ಪುಟ್ಟ: ಎಲ್ಲರೂ ನೋಡಿ. ಜೂನ್, ಜುಲೈ ಎರಡು ತಿಂಗಳು ಬೆಳಿಗ್ಗೆ ಬೆಳಿಗ್ಗೆ ತೆಗೆದದ್ದು. ಬೋಳಾರದಿಂದ ಮಂಗಳಾದೇವಿವರೆಗೆ ದಿನಾ ನಮ್ಮ ಕಣ್ಣಿಗೆ ಬೀಳುವವರು. ಒಟ್ಟು 18. ಕಾಲೇಜಿನ ಪ್ರದರ್ಶನಕ್ಕೆ ಕೊಡಬೇಕು ಅಂತ ಇದ್ದೇನೆ.

ದೊಡ್ಡಕ್ಕ: ಎಷ್ಟು ಚಂದ ಬಂದಿದೆ ಪುಟ್ಟಾ! ಆ ಮೀನಿನ ಬುಟ್ಟಿಯವರ ಮುಖ ನೋಡಿ ಕಣ್ಣು ತುಂಬಿ ಬಂತು. ಸ್ಟೇಟಸ್‌ಗೆ ಹಾಕಿದೆ.

ಚಿಕ್ಕಪ್ಪ: ಫೋಟೋ ಒಳ್ಳೆಯದುಂಟು. ಆದರೆ ಮಂಗಳೂರು ಅಂದ ಮೇಲೆ ಒಂದು ಹುಲಿವೇಷ, ಒಂದು ದಸರಾ ಮೆರವಣಿಗೆ, ಒಂದು ರಥ ಬೇಡವಾ? ಬೀಗದ ಕೈ ಮಾಡುವವರು, ಚಪ್ಪಲಿ ಹೊಲಿಯುವವರು ಎಲ್ಲ ಊರಿನಲ್ಲೂ ಇದ್ದಾರೆ.

ನಾನು: ಚಿಕ್ಕಪ್ಪಾ, ಹುಲಿವೇಷದ ಫೋಟೋ ತೆಗೆಯುವವರಿಗೆ ಬರಗಾಲ ಇಲ್ಲ. ಪುಟ್ಟನ ಒಂಬತ್ತನೇ ಫೋಟೋ ಸರಿಯಾಗಿ ನೋಡಿ. ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿರುವ ಹುಡುಗ. ನವರಾತ್ರಿಗೆ ನಮ್ಮ ಅಂಗಳದಲ್ಲಿ ಹುಲಿ ಕುಣಿಯುವುದು ಅವನೇ. ಬಣ್ಣ ತೊಳೆದ ಮೇಲೆ ಉಳಿದ ದಿನವೆಲ್ಲ ಅವನು ಇಲ್ಲೇ ಇರುತ್ತಾನಲ್ವಾ, ಆಗ ಯಾರೂ ಕ್ಯಾಮೆರಾ ಎತ್ತುವುದಿಲ್ಲ.

ಚಿಕ್ಕಪ್ಪ: ಹೌದಾ, ಅವನಾ? ಗುರುತೇ ಸಿಗಲಿಲ್ಲ.

ನಾನು: ಪುಟ್ಟಾ, ಕೆಲಸ ನನಗೆ ತುಂಬ ಇಷ್ಟ ಆಯಿತು, ಆದ್ದರಿಂದಲೇ ಹೇಳುತ್ತಿದ್ದೇನೆ. ಕೆಳಗೆ "ಹೂವಿನ ಅಮ್ಮ", "ಮೀನಿನ ಅಕ್ಕ", "ಬೀಡಿ ಕೈಗಳು" ಅಂತ ಬರೆದಿದ್ದೀಯಲ್ಲ, ಇವರ ಹೆಸರು ಎಲ್ಲಿ?

ಪುಟ್ಟ: ಅತ್ತೆ, ಹೆಸರು ಹಾಕಿದರೆ ಒಬ್ಬರ ಫೋಟೋ ಮಾತ್ರ ಆಗುತ್ತದೆ. ಹೆಸರಿಲ್ಲದಿದ್ದರೆ ಆ ಕೆಲಸ ಮಾಡುವ ಎಲ್ಲರದ್ದೂ ಆಗುತ್ತದೆ ಅಂತ.

ಭಾವ: ಪುಟ್ಟ ಹೇಳುವುದರಲ್ಲಿ ಅರ್ಥ ಉಂಟು. ಜರ್ಮನಿಯಲ್ಲಿ ಆಗಸ್ಟ್ ಸ್ಯಾಂಡರ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು. ರೈತರು, ಬೇಕರಿಯವರು, ಇಟ್ಟಿಗೆ ಹೊರುವವರು, ದೊಡ್ಡ ದೊಡ್ಡ ಅಧಿಕಾರಿಗಳು, ಎಲ್ಲರನ್ನೂ ಒಂದೇ ಗೌರವದಿಂದ ತೆಗೆದರು. ಹೆಚ್ಚಿನದರ ಕೆಳಗೆ ಕಸುಬು ಮಾತ್ರ, ಹೆಸರಿಲ್ಲ. 1929ರಲ್ಲಿ 60 ಫೋಟೋಗಳ ಪುಸ್ತಕ ಬಂತು. 1936ರಲ್ಲಿ ನಾಜಿಗಳು ಅದರ ಅಚ್ಚಿನ ಪ್ಲೇಟುಗಳನ್ನೇ ನಾಶ ಮಾಡಿದರು. ಇಂದಿಗೂ ಆ ಚಿತ್ರಗಳು ನಿಲ್ಲುತ್ತವೆ. ಹೆಸರೇ ಎಲ್ಲ ಅಲ್ಲ.

ನಾನು: ಭಾವ, ಅವರದ್ದು ಗಾಜಿನ ಪ್ಲೇಟಿನ ದೊಡ್ಡ ಕ್ಯಾಮೆರಾ. ಅದನ್ನು ಹಿಡಿದುಕೊಂಡು ಕದ್ದು ತೆಗೆಯಲು ಆಗುವುದಿಲ್ಲ. ಎದುರಿನವರು ನಿಲ್ಲಬೇಕು, ಕ್ಯಾಮೆರಾ ನೋಡಬೇಕು, ಉಸಿರು ಹಿಡಿಯಬೇಕು. ಆ ಬೇಕರಿಯವರಿಗೆ ತನ್ನ ಫೋಟೋ ತೆಗೆಯುತ್ತಿದ್ದಾರೆ ಅಂತ ಗೊತ್ತಿತ್ತು. ನಮ್ಮ ಮೊಬೈಲಿನಲ್ಲಿ ಹಾಗೆ ಉಂಟಾ? ಮತ್ತೆ ನಮ್ಮ ಊರಿನಲ್ಲಿ ಹೆಸರು ಬಿಟ್ಟುಹೋಗುವುದು ಹೊಸತಲ್ಲ. ನಮ್ಮ ಮನೆಯ ಮಾಡಿನ ಒಂದು ಹಂಚು ತೆಗೆದು ತಿರುಗಿಸಿ ನೋಡಿ. ಬಾಸೆಲ್ ಮಿಷನ್, 1865 ಅಂತ ಅಚ್ಚು ಉಂಟು. ಕಂಪನಿಯ ಹೆಸರು, ಕಾರ್ಖಾನೆ ಶುರುವಾದ ವರ್ಷ, ಎರಡೂ ಉಂಟು. ಆ ಮಣ್ಣು ತುಳಿದವರದ್ದು, ಹಸಿ ಹಂಚು ಹೊತ್ತು ಒಣಗಲು ಇಟ್ಟವರದ್ದು ಯಾವುದೂ ಇಲ್ಲ. ನಮ್ಮ ಅಜ್ಜಿಯೂ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಇದ್ದವರೇ ಅಲ್ವಾ ಚಿಕ್ಕಪ್ಪಾ? ಅವರು ಕೆಲಸ ಮಾಡುವ ಒಂದು ಫೋಟೋ ನಮ್ಮಲ್ಲಿ ಉಂಟಾ?

ಚಿಕ್ಕಪ್ಪ: ಇಲ್ಲ.

ಚಿಕ್ಕಪ್ಪ: ಒಂದೇ ಒಂದು ಫೋಟೋ ಇರುವುದು. ಸ್ಟುಡಿಯೋದಲ್ಲಿ, ಬೇರೆಯವರಿಂದ ಕೇಳಿ ತಂದ ಸೀರೆ ಉಟ್ಟುಕೊಂಡು. ಅಮ್ಮ ಹಾಗೆ ಇದ್ದದ್ದೇ ಇಲ್ಲ. ಸಂಜೆ ಬರುವಾಗ ಮೊಣಕೈವರೆಗೆ ಕೆಂಪು ಮಣ್ಣು ಇರುತ್ತಿತ್ತು. ಅದು ನನಗೆ ನೆನಪುಂಟು, ಆದರೆ ನಿಮಗೆ ತೋರಿಸಲು ಏನೂ ಇಲ್ಲ.

ದೊಡ್ಡಕ್ಕ: 😢

ನಾನು: ಹಾಗಾಗಿ ಬೀಡಿ ಕಟ್ಟುವವರ ಕೈ ಮಾತ್ರ ತೆಗೆದರೆ ನನಗೆ ಸಾಕಾಗುವುದಿಲ್ಲ. ಕೈ ಚಂದ ಉಂಟು, ನಿಜ. ಆದರೆ ಸಾವಿರ ಬೀಡಿ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡುವವರಿಗೆ ಒಂದು ಮುಖ ಉಂಟು, ಮನೆ ಉಂಟು, ಮಕ್ಕಳ ಫೀಸಿನ ಲೆಕ್ಕ ಉಂಟು. ಹರೇಕಳ ಹಾಜಬ್ಬರು ಎಷ್ಟೋ ವರ್ಷ ಹಂಪನಕಟ್ಟೆಯಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರಿದರು. ಆ ದುಡ್ಡಿನಿಂದ ನ್ಯೂಪಡ್ಪುವಿನಲ್ಲಿ ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆ ಆದ ಮೇಲೆ ದೇಶವೇ ಅವರ ಫೋಟೋ ನೋಡಿತು. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಯಾರಿಗೆ ಅವರ ಹೆಸರು ಗೊತ್ತಿತ್ತು ಹೇಳಿ. ಪ್ರಶಸ್ತಿ ಬರುವವರೆಗೆ ಅವರು "ಕಿತ್ತಳೆಯವರು" ಅಷ್ಟೇ.

ಭಾವ: ಒಪ್ಪಿದೆ. ಆದರೆ ಎಲ್ಲರಿಗೂ ಹೆಸರು ಹಾಕಿಸಿಕೊಳ್ಳಲು ಇಷ್ಟ ಇರಬೇಕಲ್ವಾ?

ನಾನು: ಕೇಳಬೇಕು. ಬೇಡ ಅಂದರೆ ಬೇಡ. ಕೇಳದೆ ಬಿಡುವುದಕ್ಕೂ, ಕೇಳಿ ಬಿಡುವುದಕ್ಕೂ ವ್ಯತ್ಯಾಸ ಉಂಟು.

ಪುಟ್ಟ: ಅತ್ತೆ, ಬೇರೆ ಏನಾದರೂ ಸರಿ ಇಲ್ಲದಿದ್ದರೆ ಈಗಲೇ ಹೇಳಿ.

ನಾನು: ಪೋರ್ಟ್ರೇಟ್ ಮೋಡ್ ಬಿಡು ಮಾರಾಯ. ಹೂವಿನವರ ಹಿಂದೆ ಇರುವುದೆಲ್ಲ ಮಸುಕಾಗಿದೆ. ದೇವಸ್ಥಾನದ ದಾರಿ, ಸಾಲಾಗಿ ಬಿಟ್ಟ ಚಪ್ಪಲಿ, ಮಳೆಗೆ ಕಟ್ಟಿದ ನೀಲಿ ಟಾರ್ಪಾಲು, ಎಲ್ಲ ಹೋಯಿತು. ಆ ಜಾಗವೇ ಇಲ್ಲದಿದ್ದರೆ ಅವರು ಬೋಳಾರದವರು ಅಂತ ಯಾರಿಗೆ ಗೊತ್ತಾಗಬೇಕು? ನಾಲ್ಕು ಹೆಜ್ಜೆ ಹಿಂದೆ ಹೋಗು. ಹೂ ಕೊಳ್ಳುವವರೂ ಬರಲಿ. ಮಲ್ಲಿಗೆ ನಮ್ಮಲ್ಲಿ ಚೆಂಡಿನ ಲೆಕ್ಕ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆಯ ನಾರಿನಲ್ಲಿ ಕಟ್ಟುವುದು. ಅವರು ಬಾಳೆ ಎಲೆಯಿಂದ ಚೆಂಡು ಬಿಡಿಸಿ ಕೊಡುವಾಗ ಎದುರಿನ ಹೆಂಗಸು ಬಗ್ಗಿ ಮೂಸುತ್ತಾಳಲ್ಲ, ಅಲ್ಲಿ ನಿನ್ನ ಫೋಟೋ ಉಂಟು. ಬರೀ ಮುಖದಲ್ಲಿ ಇಲ್ಲ.

ಭಾವ: ಇದು ಸರಿ. ನಾನೂ ಅದೇ ಹೇಳುವವನಿದ್ದೆ. ಸೆಂಟ್ರಲ್ ಮಾರ್ಕೆಟಿನದ್ದು ನನಗೆ ಇಂದಿಗೂ ಹೊಟ್ಟೆಯುರಿ. 2020ರ ಲಾಕ್‌ಡೌನ್ ಹೊತ್ತಿಗೆ ಅದನ್ನು ಮುಚ್ಚಿದರು, ಆಮೇಲೆ ಹಳೆಯ ಕಟ್ಟಡ ಕೆಡವಿದರು. ನನ್ನ ಹತ್ತಿರ ಅಲ್ಲಿ ತೆಗೆದ ಫೋಟೋ ಉಂಟು, ಆದರೆ ಎಲ್ಲ ಹತ್ತಿರದಿಂದ. ಟೊಮೆಟೊ, ತಕ್ಕಡಿ, ಸುಕ್ಕು ಮುಖ. ಯಾರ ಪಕ್ಕದಲ್ಲಿ ಯಾರು ಕೂರುತ್ತಿದ್ದರು ಅಂತ ಒಂದರಲ್ಲೂ ಗೊತ್ತಾಗುವುದಿಲ್ಲ.

ದೊಡ್ಡಕ್ಕ: ನೀವೆಲ್ಲ ಏನೇ ಹೇಳಿ, ಮೀನಿನವರ ಫೋಟೋ ಎಲ್ಲಕ್ಕಿಂತ ಮೇಲೆ. ಆ ಕಣ್ಣು! ಅದಕ್ಕೆ ಬಹುಮಾನ ಬರುತ್ತದೆ ನೋಡಿ.

ನಾನು: ಅಕ್ಕಾ, ಅದನ್ನೇ ಕೇಳಬೇಕು ಅಂತಿದ್ದೆ. ಪುಟ್ಟಾ, ಅವರನ್ನು ಕೇಳಿ ತೆಗೆದದ್ದಾ?

ಪುಟ್ಟ: ಕೇಳಿದೆ.

ನಾನು: ಏನಂದರು?

ಪುಟ್ಟ: "ಬೊಡ್ಚಿ ಮಗಾ", ಬೇಡ ಅಂದರು. ಸೆರಗು ಅಡ್ಡ ಹಿಡಿದುಕೊಂಡರು. ಆಮೇಲೆ ನಾನು ರಸ್ತೆಯ ಆಚೆ ಬದಿಗೆ ಹೋಗಿ ಜೂಮ್ ಮಾಡಿ ತೆಗೆದೆ. ಅವರಿಗೆ ಗೊತ್ತಿಲ್ಲ.

ಚಿಕ್ಕಪ್ಪ: ಅಯ್ಯೋ ಪುಟ್ಟಾ.

ಭಾವ: ರಸ್ತೆ ಬದಿ ಅಂದರೆ ಸಾರ್ವಜನಿಕ ಜಾಗ. ಅಲ್ಲಿ ಫೋಟೋ ತೆಗೆಯಬಾರದು ಅಂತ ಏನಿಲ್ಲ. ಕೇಳಿಕೊಂಡೇ ತೆಗೆಯಬೇಕು ಅಂತಾದರೆ ಬೀದಿಯ ಒಳ್ಳೆಯ ಫೋಟೋ ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ. ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ.

ನಾನು: ಕೇಳದೆ ತೆಗೆದಿದ್ದರೆ ಆ ಮಾತು ಬೇರೆ ಭಾವ, ಅದರ ಬಗ್ಗೆ ನಾವು ಇನ್ನೊಂದು ದಿನ ಕೂತು ಜಗಳ ಮಾಡಬಹುದು. ಇಲ್ಲಿ ಅವರು ಬಾಯಿಬಿಟ್ಟು ಬೇಡ ಅಂದಿದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದದ್ದು ಕಾರಿನಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಮಾತ್ರ ಅಲ್ಲ. ಕಾನೂನು ಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಂದರಿನ ದಕ್ಕೆಯಲ್ಲಿ ಮೀನು ಕಡಿಮೆ, ಬಂದದ್ದಕ್ಕೆ ರೇಟು ಜಾಸ್ತಿ. ವರ್ಷದಲ್ಲೇ ಅವರಿಗೆ ಕಷ್ಟದ ಎರಡು ತಿಂಗಳು ಅದು. ಬುಟ್ಟಿ ಅರ್ಧ ಖಾಲಿ ಇರುವಾಗ, ಮಳೆಯಲ್ಲಿ ಕೂತಿರುವಾಗ ಫೋಟೋ ಬೇಡ ಅನಿಸಿದೆ. ಅಕ್ಕಾ, ನಿನಗೆ ಕಣ್ಣು ತುಂಬಿ ಬಂದದ್ದು ಆ ಮುಖಕ್ಕೇ. ಅದನ್ನೇ ಅವರು ಮುಚ್ಚಿಕೊಂಡದ್ದು.

ದೊಡ್ಡಕ್ಕ: ನನಗೆ ಇದು ಗೊತ್ತಿರಲಿಲ್ಲ.

ಪುಟ್ಟ: ಈಗ ಆಗಸ್ಟ್, ಬೋಟು ಹೋಗುತ್ತಿದೆ. ಬುಟ್ಟಿ ತುಂಬ ಬೂತಾಯಿ ಇರುವಾಗ ಇನ್ನೊಮ್ಮೆ ಕೇಳಬಹುದಾ ಅತ್ತೆ?

ನಾನು: ಮೊದಲು ಮೀನು ತೆಗೆದುಕೋ. ಉಳಿದವರ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟು ಬಾ, ದುಡ್ಡು ನಾನು ಕೊಡುತ್ತೇನೆ. ಅಕ್ಕಪಕ್ಕದವರ ಕೈಯಲ್ಲಿ ಪ್ರಿಂಟ್ ನೋಡಿ ಅವರಿಗೇ ಮನಸ್ಸಾದರೆ ಹೇಳುತ್ತಾರೆ. ಇಲ್ಲದಿದ್ದರೆ ನೀನಾಗಿ ಕೇಳಬೇಡ. ಈಗ ಆ ಫೋಟೋ ಡಿಲೀಟ್ ಮಾಡು.

ಭಾವ: ಒಂದು ನಿಮಿಷ. ಪ್ರದರ್ಶನಕ್ಕೆ ಬೇಡ, ಸರಿ. ಇಟ್ಟುಕೊಳ್ಳಲಿ. 30 ವರ್ಷ ಕಳೆದ ಮೇಲೆ ಅವರ ಮೊಮ್ಮಕ್ಕಳಿಗೆ ಅದೊಂದೇ ಫೋಟೋ ಆಗಿರಬಹುದು. ಅಜ್ಜಿಯ ಕೈಯ ಮಣ್ಣಿನ ಬಗ್ಗೆ ಚಿಕ್ಕಪ್ಪನೇ ಹೇಳಿದರಲ್ಲ.

ನಾನು: ಭಾವ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅಜ್ಜಿಯ ಅಂಥ ಒಂದು ಫೋಟೋ ಸಿಕ್ಕರೆ ನಾನು ಬಿಡುತ್ತಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ಅಜ್ಜಿ ಬೇಡ ಅಂತ ಮುಖ ಮುಚ್ಚಿಕೊಂಡಿದ್ದರು ಅಂತ ಗೊತ್ತಾದರೆ ಅದನ್ನು ಗೋಡೆಗೆ ಹಾಕುತ್ತಿದ್ದೆನಾ? ಇಲ್ಲ ಅನಿಸುತ್ತದೆ.

ಚಿಕ್ಕಪ್ಪ: ತೆಗೆ ಪುಟ್ಟಾ. ನಾನೂ ಹೇಳುತ್ತಿದ್ದೇನೆ.

ಪುಟ್ಟ: ಫೋನಿಂದ ತೆಗೆದೆ. ಗುಂಪಿನಿಂದಲೂ ತೆಗೆದೆ. 17 ಉಳಿದಿದೆ. ಡೌನ್‌ಲೋಡ್ ಮಾಡಿಕೊಂಡವರು ದಯವಿಟ್ಟು ಡಿಲೀಟ್ ಮಾಡಿ.

ದೊಡ್ಡಕ್ಕ: ಸ್ಟೇಟಸ್ ತೆಗೆದೆ. ಆದರೆ ಅಷ್ಟರಲ್ಲಿ 64 ಜನ ನೋಡಿಯಾಗಿದೆ. ನಮ್ಮ ಮೇಲಿನ ಮನೆಯವರು "ಇವರು ನಮ್ಮ ಮೀನಿನವರಲ್ವಾ" ಅಂತ ಮೆಸೇಜ್ ಹಾಕಿದ್ದಾರೆ. ಏನು ಹೇಳಲಿ?

ನಾನು: ಅವರಿಗೆ ಫೋನ್ ಮಾಡು ಅಕ್ಕಾ, ಮೆಸೇಜ್ ಬೇಡ. ನಾಳೆ ಬೆಳಿಗ್ಗೆ ಏಳಕ್ಕೆ ನಾನು, ಪುಟ್ಟ ಮೀನಿನವರ ಹತ್ತಿರ ಹೋಗುತ್ತೇವೆ. ನೀನೂ ಬಾ.