ಪದಚರ್ಚೆ: ಭಾಜ್ಯ ಸಂಖ್ಯೆಯೋ ಸಂಯುಕ್ತ ಸಂಖ್ಯೆಯೋ? (ಫಲಕ ಇವತ್ತೇ ಅಚ್ಚಿಗೆ)

ಪ್ರಶ್ನೆ:
ಬಲ್ಲವರಿಗೆ ನಮಸ್ಕಾರ. ಗಣಿತ ಪ್ರದರ್ಶನದ ಫಲಕವೊಂದು ಸಂಜೆಗೆ ಅಚ್ಚಿಗೆ ಹೋಗಬೇಕು. ವಿಷಯ 2^1048576 + 1. (2ರ ಘಾತಾಂಕವೂ 1, 2, 4, 8 ಹೀಗೆ 2ರ ಘಾತವೇ ಆಗಿದ್ದು, ಒಂದು ಕೂಡಿಸಿದರೆ ಬರುವುದು ಫರ್ಮಾ ಸಂಖ್ಯೆ; ಇಲ್ಲಿ 1048576 = 2^20.) ಕರಡು ಹೀಗಿದೆ: “ಇಪ್ಪತ್ತನೆಯ ಫರ್ಮಾ ಸಂಖ್ಯೆ. ಇದು ಭಾಜ್ಯ ಸಂಖ್ಯೆ. ಇದರ ಅಪವರ್ತ್ಯಗಳು ಇನ್ನೂ ಸಿಕ್ಕಿಲ್ಲ.” ‘ಸಂಯುಕ್ತ’ ಎನ್ನಿ ಅಂತ ಒಬ್ಬರ ಸಲಹೆ. ಯಾವುದು ಸರಿ? ಸಿಕ್ಕೇ ಇಲ್ಲದಿದ್ದರೆ ಭಾಜ್ಯ ಅಂತ ಗೊತ್ತಾಗಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ?

ಉತ್ತರ 1:
ಭಾಜ್ಯ ಬೇಡ. 17ನ್ನು 5ರಿಂದ ಭಾಗಿಸುವಾಗ 17 ಭಾಜ್ಯ, 5 ಭಾಜಕ. ಆದರೂ 17 ಅವಿಭಾಜ್ಯ ಸಂಖ್ಯೆ. ಈ ಗೋಜಲು ಯಾಕೆ? ಸಂಯುಕ್ತ ಅಂತಲೇ ಹಾಕಿ. ಅದಕ್ಕಿಂತ ದೊಡ್ಡ ತಪ್ಪು ‘ಅಪವರ್ತ್ಯ’. 641 ಎಂಬುದು 4294967297ರ ಅಪವರ್ತನ. 4294967297 ಎಂಬುದು 641ರ ಅಪವರ್ತ್ಯ. ಅಪವರ್ತ್ಯ ಸಿಗದ ಸಂಖ್ಯೆ ಎಲ್ಲಿದೆ? ಎರಡರಿಂದ ಗುಣಿಸಿ, ಸಿಕ್ಕಿತು.

ಉತ್ತರ 2:
ಅಪವರ್ತನವೂ ಸರಿಯಲ್ಲ. ಭಾಸ್ಕರಾಚಾರ್ಯರ ಲೀಲಾವತಿಯ ಕುಟ್ಟಕ (ಪೂರ್ಣಾಂಕದ ಉತ್ತರ ಹುಡುಕುವ ಲೆಕ್ಕ) ನೋಡಿ: ಭಾಜ್ಯ, ಹಾರ (ಭಾಜಕ), ಕ್ಷೇಪ (ಕೂಡಿಸುವ ಸಂಖ್ಯೆ) ಮೂರನ್ನೂ ಸಾಮಾನ್ಯ ಭಾಜಕದಿಂದ ಶೇಷವಿಲ್ಲದೆ ಭಾಗಿಸಿ ಕಿರಿದುಮಾಡುವ ಕ್ರಿಯೆಯೇ ಅಪವರ್ತನ. ಕಿರಿದಾಗಿ ಉಳಿದದ್ದು ‘ದೃಢ’. ಕ್ರಿಯೆಯ ಹೆಸರನ್ನು ಸಂಖ್ಯೆಗೆ ಅಂಟಿಸಿದ್ದೇ ಪ್ರಮಾದ. ‘ಅಪವರ್ತಕ’ ಆಗಬೇಕು.

ಉತ್ತರ 1:
ಅಂದರೆ ಮ.ಸಾ.ಅ.ವನ್ನು ‘ಮಹತ್ತಮ ಸಾಮಾನ್ಯ ಅಪವರ್ತನ’ ಎಂದು ಬಿಡಿಸಿ ಹೇಳುವಾಗಲೆಲ್ಲ ಶಾಲೆ ಪುಸ್ತಕ ತಿದ್ದಬೇಕೆ? ಫಲಕ ಸಂಜೆಗೆ ಬೇಕಂತೆ ಸ್ವಾಮಿ.

ಉತ್ತರ 3:
ಇಬ್ಬರೂ ಸಂಸ್ಕೃತದಲ್ಲೇ ಗುದ್ದಾಡುತ್ತಿದ್ದೀರಿ. ಒಡೆಯುವ ಎಣಿಕೆ ‘ಒಡೆಯೆಣಿ’, ಒಡೆಯದ್ದು ‘ಒಡೆಯದೆಣಿ’. ಮಗುವಿಗೂ ತಿಳಿಯುತ್ತೆ.

ಉತ್ತರ 2:
ಒಡೆಯೆಣಿ ಎಂದರೆ ಧಣಿಯ ಲೆಕ್ಕ ಎಂದು ತಿಳಿಯುತ್ತೆ.

ಉತ್ತರ 4:
ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ. ಸಂಯುಕ್ತ ಎಂದು ತೋರಿಸಲು ಅಪವರ್ತನ ಬೇಕಿಲ್ಲ. ಪೆಪಿನ್ ಪರೀಕ್ಷೆ: 3ನ್ನು ಸತತ ವರ್ಗ ಮಾಡುತ್ತಾ ಹೋಗಿ, ಪ್ರತಿ ಸಲ ಆ ಫರ್ಮಾ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಕೊನೆಯ ಶೇಷ ಆ ಸಂಖ್ಯೆಗಿಂತ ಸರಿಯಾಗಿ ಒಂದು ಕಡಿಮೆ ಇದ್ದರೆ ಅವಿಭಾಜ್ಯ, ಇಲ್ಲವಾದರೆ ಸಂಯುಕ್ತ. ಎಷ್ಟು ವರ್ಗ? 2ರ ಘಾತಾಂಕಕ್ಕಿಂತ ಒಂದು ಕಡಿಮೆ. 17 = 2^4 + 1, ಅದಕ್ಕೆ ಮೂರು ವರ್ಗ: 9, 13, 16. ಗೆದ್ದಿತು. ನಿಮ್ಮ ಸಂಖ್ಯೆಗೆ 1048575 ವರ್ಗ. ಒಂದು ವರ್ಗದಲ್ಲಿ ಯಂತ್ರ ತಪ್ಪಿದರೂ ಉತ್ತರ ಬಹುತೇಕ ‘ಸಂಯುಕ್ತ’ ಎಂದೇ ಬರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬೇರೆ ಬೇರೆ ಯಂತ್ರಗಳಲ್ಲಿ ಓಡಿಸಿ ಕೊನೆಯ ಶೇಷವನ್ನು 2^36, 2^36 − 1, 2^35 − 1 ಇವುಗಳಿಂದ ಭಾಗಿಸಿ ಬಂದ ಶೇಷಗಳನ್ನು ತಾಳೆ ನೋಡುವುದು. ಇನ್ನೊಂದು ಫರ್ಮಾ ಸಂಖ್ಯೆ 2^128 + 1 ಸಂಯುಕ್ತ ಎಂದು 1905ರಲ್ಲೇ ಗೊತ್ತಿತ್ತು. 59649589127497217 × 5704689200685129054721 ಎಂದು ಒಡೆದದ್ದು 1970ರಲ್ಲಿ. ಹಾಗಾಗಿ “ಸಂಯುಕ್ತವೆಂದು ಸಾಧಿತ, ಅಪವರ್ತಿಸಲು ಈವರೆಗೆ ಆಗಿಲ್ಲ” ಎಂದು ಬರೆಯಿರಿ. ‘ಸಿಕ್ಕಿಲ್ಲ’ ಒಂದೇ ಸಾಲದು.

ಉತ್ತರ 3:
‘ಅಪವರ್ತಿಸು’! ನಾಲಗೆ ತಿರುಗಬೇಡವೇ? ಕೂಡು, ಕಳೆ ನಮ್ಮವು. ಗುಣಿಸು, ಭಾಗಿಸು ಸಂಸ್ಕೃತದಿಂದ ಸಾಲ ತಂದವು. ಇಮ್ಮಡಿ, ಮುಮ್ಮಡಿ ಇರುವಾಗ ‘ಮಡಿಸು’ ಎನ್ನಬಾರದಿತ್ತೇ?

ಉತ್ತರ 1:
ಮಡಿಸುವುದು ಪಂಚೆಯನ್ನು. ‘ಇಸು’ ಹತ್ತಿದ ಮೇಲೆ ಗುಣಿಸು, ಭಾಗಿಸು, ಅಪವರ್ತಿಸು ಎಲ್ಲವೂ ಕನ್ನಡದ ಧಾತುಗಳೇ; ಗುಣಿಸಿದ, ಗುಣಿಸುವ, ಗುಣಿಸದ ಅಂತ ನಡೆಯುತ್ತವೆ. ಬೇರು ಯಾರದಾದರೇನು?

ಉತ್ತರ 3:
ಹಾಗಾದರೆ ‘ಫ್ಯಾಕ್ಟರಿಸು’ ಎನ್ನಿ. ಅದಕ್ಕೂ ‘ಇಸು’ ಹತ್ತುತ್ತದಲ್ಲ.

ಉತ್ತರ 1:
ತರಗತಿಯಲ್ಲಿ ಮೇಷ್ಟ್ರು ಅನ್ನುವುದು ಅದನ್ನೇ. ಬರಹಕ್ಕೆ ಬೇಡ.

ಉತ್ತರ 4:
ಅಚ್ಚಿಗೆ ಮೊದಲು ಇನ್ನೊಂದು. ಫರ್ಮಾ ಸಂಖ್ಯೆಗಳ ಎಣಿಕೆ ಸೊನ್ನೆಯಿಂದ ಶುರು: 2^1 + 1 = 3 ಎಂಬುದು ಫರ್ಮಾ-0. ಸಾಲಿನಲ್ಲಿ ನಿಮ್ಮದು ಇಪ್ಪತ್ತೊಂದನೆಯದು. ‘ಇಪ್ಪತ್ತನೆಯ’ ತೆಗೆದು ‘ಫರ್ಮಾ-20’ ಎಂದು ಹಾಕಿ. ಅಂಕಿಗಳ ಸಂಖ್ಯೆ 3,15,653, ಜಾಗವಿದ್ದರೆ ಸೇರಿಸಿ.