ಕೆಳಗಿಂದ ಹತ್ತುವವರು, ಮೇಲಿಂದ ಜಿಗಿಯುವವರು: ಒಂದೇ ಬಂಡೆಯಲ್ಲಿ ಹೇಗೆ?

ಪ್ರಶ್ನೆ (ಹೊಸೂರಿನಿಂದ):
ಅಣ್ಣ, ನಾಲ್ಕು ವರ್ಷದಿಂದ ಭಾನುವಾರ ಬಂತೆಂದರೆ ರಾಮನಗರಕ್ಕೆ ಹೋಗಿ ಬಂಡೆ ಹತ್ತುತ್ತಿದ್ದೇನೆ. ಬರುವ ಅಕ್ಟೋಬರ್‌ನಲ್ಲಿ ಭಾವನ ಜೊತೆ ಅಮೆರಿಕದ ಯೂಟಾ ರಾಜ್ಯದ ಮೋಆಬ್‌ಗೆ ಹೋಗುವವನಿದ್ದೇನೆ. ಅಲ್ಲಿ ಹತ್ತುವ ಗೋಡೆಗಳ ನೆತ್ತಿಯಿಂದಲೇ ಬೇಸ್ ಜಂಪ್‌ನವರು ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುತ್ತಾರಂತೆ. ನಾನು ನಡುವೆ ನೇತಾಡುತ್ತಿರುವಾಗ ಒಬ್ಬ ಮೇಲಿಂದ ಬಂದುಬಿಟ್ಟರೆ ಏನು ಮಾಡಬೇಕು? ನಮ್ಮ ಕೃಷ್ಣಗಿರಿ ಕಡೆಯ ಬಂಡೆಗಳಲ್ಲೂ ಹೀಗೆ ಜಿಗಿಯಬಹುದಾ?

ಉತ್ತರ (ಬಂಡೆ ಹತ್ತುವುದು ಕಲಿಸುವವರು):
ತಮ್ಮಾ, ಬಂದ ಮೇಲೆ ಮಾಡುವುದಕ್ಕೆ ಏನೂ ಇಲ್ಲ. ನೀನೇ ಲೆಕ್ಕ ಹಾಕು. ನಿನ್ನ ಹಗ್ಗ ೬೦ ಮೀಟರ್. ಅಷ್ಟು ಹತ್ತಲು ನಿನಗೆ ಅರ್ಧ ಗಂಟೆಯಾದರೂ ಬೇಕು. ಅಷ್ಟೇ ದೂರವನ್ನು ಅವನು ಹೆಚ್ಚುಕಡಿಮೆ ೩.೫ ಸೆಕೆಂಡಿನಲ್ಲಿ ಬೀಳುತ್ತಾನೆ. ಕಾಲು ಎತ್ತಿದ ಮೇಲೆ ಅವನು ವಾಪಸ್ ಬರಲಾರ, ನೀನು ಪಕ್ಕಕ್ಕೆ ಸರಿಯಲಾರೆ. ಮಾತೇನಿದ್ದರೂ ಅವನು ಇನ್ನೂ ಅಂಚಿನಲ್ಲಿ ನಿಂತಿರುವಾಗಲೇ ಮುಗಿಯಬೇಕು.

ಎಲ್ಲರೂ ಹೆದರುವುದು ಮನುಷ್ಯ ಮೈಮೇಲೆ ಬೀಳುತ್ತಾನೆ ಅಂತ. ನನಗೆ ಹೆದರಿಕೆ ಕಲ್ಲಿನದು. ಮೋಆಬ್‌ನದು ಮರಳುಗಲ್ಲು, ನಮ್ಮ ಗ್ರಾನೈಟ್‌ನಷ್ಟು ಗಟ್ಟಿ ಅಲ್ಲ. ಅಂಚಿನಲ್ಲಿ ಸಡಿಲ ಕಲ್ಲುಗಳಿರುತ್ತವೆ. ಜಿಗಿಯುವವನ ಪಾದಕ್ಕೆ ಒಂದು ತಾಗಿದರೆ ಅದು ಸೀದಾ ನಿನ್ನ ಕಡೆಗೇ. ಅದಕ್ಕೇ ಕೆಳಗೆ ಹಗ್ಗ ಹಿಡಿದು ನಿಂತವನೂ ಹೆಲ್ಮೆಟ್ ಹಾಕಲೇಬೇಕು. ನಮ್ಮವರು ಇದೊಂದನ್ನು ಮಾತ್ರ ಕೇಳುವುದಿಲ್ಲ!

ಇನ್ನು ಪ್ಯಾರಾಚೂಟ್. ಅದು ಹೊರಗೆ ಮುಖ ಮಾಡಿ ಬಿಚ್ಚಿಕೊಳ್ಳಬೇಕು. ಕೆಲವು ಸಲ ತಿರುಗಿ ಗೋಡೆಯ ಕಡೆಗೇ ಬಿಚ್ಚಿಕೊಳ್ಳುತ್ತದೆ. ವಿಮಾನದಿಂದ ಹಾರುವವನಿಗೆ ಸುತ್ತ ಬರೀ ಗಾಳಿ, ಚಿಂತೆಯಿಲ್ಲ. ಇವನಿಗೆ ಎದುರೇ ಬಂಡೆ. ಬೆನ್ನಲ್ಲಿ ಸಾಮಾನ್ಯವಾಗಿ ಒಂದೇ ಪ್ಯಾರಾಚೂಟ್, ಎರಡನೆಯದು ಇರುವುದಿಲ್ಲ. ಹಾಗಾಗಿ ಜಿಗಿಯುವ ಜಾಗದ ನೇರ ಕೆಳಗೆ ಇಲ್ಲದಿದ್ದರೆ ಸಾಕು ಅಂದುಕೊಳ್ಳಬೇಡ. ಎಡಬಲದ ದಾರಿಗಳನ್ನೂ ಬಿಡು.

ನಾನಾದರೆ ಗಾಡಿ ನಿಲ್ಲಿಸುವ ಜಾಗದಲ್ಲೇ ಅವರನ್ನು ಹುಡುಕಿ ಮಾತಾಡಿಸುತ್ತೇನೆ. ಯಾವ ದಾರಿ ಹತ್ತುತ್ತೇವೆ, ಸುಮಾರು ಎಷ್ಟು ಹೊತ್ತಿಗೆ ಇಳಿಯುತ್ತೇವೆ ಅಂತ ಹೇಳಿಬಿಡುವುದು. ಗಾಳಿ ಅಲುಗಾಡದ ಹೊತ್ತು ಅವರಿಗೆ ಬೇಕು, ಅಂದರೆ ಬೆಳಗಿನ ಜಾವ ಇಲ್ಲವೇ ಸಂಜೆ. ಅವರು ಜಿಗಿದು ಮುಗಿಸುವ ತನಕ ನೀವು ಕೆಳಗೆ ಕೂತು ಕಾಫಿ ಕುಡಿಯಿರಿ, ಏನು ಕಳೆದುಹೋಗುತ್ತದೆ? ಆದರೆ ನೀವು ಆಗಲೇ ಗೋಡೆಯ ಮೇಲಿದ್ದರೆ ಕಾಯಬೇಕಾದವರು ಅವರು. ಕಾಯುವುದು ಅವರ ಕೈಲಿದೆ, ನಿಮ್ಮ ಕೈಲಿಲ್ಲ. ಬ್ಯಾಗು, ಹಗ್ಗವನ್ನು ಅವರು ಇಳಿಯುವ ಬಯಲಿನಲ್ಲಿ ಹರಡಬೇಡಿ.

ಅಲ್ಲೇ ಪಕ್ಕದ ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಗಳಲ್ಲಿ ಜಿಗಿಯುವಂತಿಲ್ಲ. ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಉದ್ಯಾನವೊಂದರ ಎಲ್ ಕ್ಯಾಪಿಟನ್ ಎಂಬ ದೊಡ್ಡ ಬಂಡೆಗೋಡೆಯಲ್ಲಿ ೧೯೮೦ರಲ್ಲಿ ಅನುಮತಿ ಕೊಟ್ಟು ನೋಡಿದರು. ಅದೇ ವರ್ಷ ನಿಲ್ಲಿಸಿದರು.

ಕೃಷ್ಣಗಿರಿ ವಿಷಯ: ಬೇಡವೇ ಬೇಡ. ಜಿಗಿಯಲು ನೆಟ್ಟಗೆ ನಿಂತ ಅಥವಾ ಹೊರಗೆ ಚಾಚಿದ ಗೋಡೆ ಬೇಕು. ನಮ್ಮವು ಹೊಟ್ಟೆ ಉಬ್ಬಿದ ಬಂಡೆಗಳು, ಕೆಳಗೆ ಹೋದಂತೆ ಮುಂದಕ್ಕೆ ಬರುತ್ತವೆ. ೨ ಸೆಕೆಂಡಿಗೆ ೨೦ ಮೀಟರ್ ಬಿದ್ದಿರುತ್ತಾನೆ, ಅಷ್ಟರಲ್ಲಿ ಬಂಡೆಯೇ ಅವನಿಗೆ ಅಡ್ಡ ಬಂದಿರುತ್ತದೆ. ನಾವು ಬಂಡೆ ಹಂಚಿಕೊಳ್ಳಬೇಕಾದ್ದು ಹೆಜ್ಜೇನಿನ ಜೊತೆ, ರಾಮದೇವರಬೆಟ್ಟದಲ್ಲಾದರೆ ರಣಹದ್ದಿನ ಜೊತೆ. ೨೦೧೨ರಿಂದ ಅದು ರಣಹದ್ದು ಧಾಮ, ಗೊತ್ತಲ್ವಾ?

ತಾಳವಾಡಿಯಿಂದ ಇನ್ನೊಬ್ಬರು:
ಸಾರ್, ಜಿಗಿದವನು ಗೋಡೆಗೆ ಸಿಕ್ಕಿಕೊಂಡು ನೇತಾಡುತ್ತಿದ್ದರೆ? ಹತ್ತಿರ ಇರುವುದು ನಾವೇ ಅಲ್ವಾ?

ಉತ್ತರ:
ಒಳ್ಳೆ ಪ್ರಶ್ನೆ. ಮೊದಲು ೯೧೧ಕ್ಕೆ ಫೋನ್, ಅಲ್ಲಿನ ತುರ್ತು ನಂಬರ್ ಅದು. ಅವನ ಕೆಳಗೆ ಯಾರೂ ನಿಲ್ಲಬಾರದು. ನಿಮಗೆ ಅಪಾಯವಿಲ್ಲದೆ ಅವನ ಹತ್ತಿರ ಹೋಗಲು ಆಗುವುದಾದರೆ ಮಾತ್ರ ಹೋಗಿ. ಹೋದರೆ ಮೊದಲ ಕೆಲಸ ಅವನ ಹಾರ್ನೆಸ್ಸನ್ನು, ಅಂದರೆ ಮೈಗೆ ಬಿಗಿದ ಪಟ್ಟಿಯನ್ನು, ಬಂಡೆಗೆ ಭದ್ರ ಮಾಡಿದ ನಿಮ್ಮ ಗಟ್ಟಿ ಆಂಕರ್‌ಗೆ ಕಟ್ಟುವುದು. ಪ್ಯಾರಾಚೂಟಿನ ಬಟ್ಟೆ, ದಾರ ಯಾವುದನ್ನೂ ಅದಕ್ಕೆ ಮುಂಚೆ ಎಳೆಯಬೇಡಿ, ಕತ್ತರಿಸಬೇಡಿ. ಅವನನ್ನು ಹಿಡಿದಿರುವುದು ಅದೇ ಬಟ್ಟೆ ಇರಬಹುದು. ಕಟ್ಟಿದ ಮೇಲೆ ಬಟ್ಟೆಯನ್ನು ಸುತ್ತಿ ಒತ್ತಿ ಹಿಡಿಯಿರಿ. ಒಂದು ಗಾಳಿ ಬೀಸಿ ಅದು ಮತ್ತೆ ಉಬ್ಬಿದರೆ ಅವನ ಜೊತೆ ನಿಮ್ಮನ್ನೂ ಎಳೆಯುತ್ತದೆ.

ಹೊಸೂರು:
ಸರಿ ಅಣ್ಣ. ಭಾವನಿಗೆ ಈಗಲೇ ಹೆಲ್ಮೆಟ್ ತರಿಸುತ್ತೇನೆ. ಅವರು ಬರೀ ಟೋಪಿ ಹಾಕಿಕೊಂಡು ನಿಲ್ಲುವವರು.